ಮೂರು ತಾಯಿಗಿಡ, ಮೂರು ಬೆಳಕು: ವಂಶವಾಹಿ, ಜೀವಿ ಮತ್ತು ಪರಿಸರದ ಕೊಡುಕೊಳ್ಳುವಿಕೆಯನ್ನು ಕುಂಡಗಳಲ್ಲಿ ಪರೀಕ್ಷಿಸುವ ವಿಧಾನ

ಗಿಡವೊಂದು ಎತ್ತರವಾಗಿ ಬೆಳೆದದ್ದು ಅದರ ವಂಶವಾಹಿಗಳಿಂದಲೋ ಅಥವಾ ಅದಕ್ಕೆ ಒದಗಿದ ಬೆಳಕು, ನೀರು, ಮಣ್ಣಿನಿಂದಲೋ ಎಂದು ಕೇಳಿದಾಗ ‘ಇದರ ಪಾಲು ಇಷ್ಟು, ಅದರ ಪಾಲು ಅಷ್ಟು’ ಎಂಬ ಉತ್ತರ ದೊರೆತರೆ ನಮಗೆ ಸಮಾಧಾನವಾಗುತ್ತದೆ. ಈ ಸಮಾಧಾನಕ್ಕೆ ಆಧಾರವಿದೆಯೇ ಎಂಬುದನ್ನು ಪ್ರಯೋಗಾಲಯದ ನೆರವಿಲ್ಲದೆಯೂ ಪರೀಕ್ಷಿಸಬಹುದು. ಅದಕ್ಕೆ ಬೇಕಾದದ್ದು 48 ಒಂದೇ ಅಳತೆಯ ಕುಂಡಗಳು, ಒಂದು ಅಳತೆಪಟ್ಟಿ, ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತೂಕದ ಯಂತ್ರ ಮತ್ತು ಸುಮಾರು ಐದು ತಿಂಗಳ ತಾಳ್ಮೆ. ವಿದ್ಯಾರ್ಥಿಗಳ ಗುಂಪೊಂದು ಇದನ್ನು ಸುಲಭವಾಗಿ ನಡೆಸಬಹುದು. ಒಬ್ಬರೇ ಮಾಡುವುದಾದರೆ ವಾರಕ್ಕೆ ಒಂದು ಪೂರ್ತಿ ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಬೇಕಾಗುತ್ತದೆ.

ಪ್ರಯೋಗದ ಮೂಲ ಉಪಾಯ ಹಳೆಯದು. 1909ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ ಅವರು ‘ಜೀನ್’ ಎಂಬ ಪದವನ್ನು ಬಳಕೆಗೆ ತಂದಾಗಲೇ, ಜೀವಿಗೆ ಬಂದಿರುವ ವಂಶವಾಹಿಗಳ ಸಮೂಹವನ್ನು ಜೀನೋಟೈಪ್ ಎಂದೂ ಕಣ್ಣಿಗೆ ಕಾಣುವ ಮತ್ತು ಅಳೆಯಬಹುದಾದ ಲಕ್ಷಣಗಳನ್ನು ಫೀನೋಟೈಪ್ ಎಂದೂ ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ರಿಚರ್ಡ್ ವೋಲ್ಟೆರೆಕ್ ಅವರು ಡ್ಯಾಫ್ನಿಯಾ ಎಂಬ ನೀರಿನ ಸಣ್ಣ ಜೀವಿಯ ಮೇಲೆ ಕೆಲಸ ಮಾಡುತ್ತ, ಒಂದೇ ಜೀನೋಟೈಪ್ ಬೇರೆ ಬೇರೆ ಸನ್ನಿವೇಶಗಳಲ್ಲಿ ತಾಳುವ ರೂಪಗಳ ಒಟ್ಟು ಹರವಿಗೆ ಹೆಸರು ಕೊಟ್ಟರು. ಅದನ್ನು ಇಲ್ಲಿ ‘ಪ್ರತಿಕ್ರಿಯೆಯ ಹರವು’ ಎಂದು ಕರೆಯೋಣ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸೆನ್, ಕೆಕ್ ಮತ್ತು ಹೀಸಿ ಎಂಬ ಮೂವರು ಒಂದೊಂದು ಗಿಡವನ್ನೂ ತುಂಡುಗಳಾಗಿ ಬೇರ್ಪಡಿಸಿ, ಸಮುದ್ರಮಟ್ಟದಿಂದ ಸುಮಾರು 30, 1,400 ಮತ್ತು 3,050 ಮೀಟರ್ ಎತ್ತರದ ಮೂರು ತೋಟಗಳಲ್ಲಿ ನೆಟ್ಟು ಬೆಳೆಸಿದರು. ಒಂದು ತೋಟದಲ್ಲಿ ಎಲ್ಲಕ್ಕಿಂತ ಎತ್ತರವಾದ ಗಿಡ ಇನ್ನೊಂದು ತೋಟದಲ್ಲಿಯೂ ಹಾಗೆಯೇ ಆಗುವುದೆಂದು ಹೇಳಲು ಸಾಧ್ಯವಿಲ್ಲವೆಂಬುದು ಅವರ 1940ರ ದಶಕದ ಪ್ರಕಟಣೆಗಳಿಂದ ತಿಳಿಯಿತು. ನಮಗೆ ಬೆಟ್ಟ ಹತ್ತುವ ಅಗತ್ಯವಿಲ್ಲ. ಬೆಳಕನ್ನು ಬದಲಿಸಿದರೆ ಸಾಕು.

ಗಿಡದ ಆಯ್ಕೆ ಮತ್ತು ತಾಯಿಗಿಡಗಳ ಸಿದ್ಧತೆ

ಕೋಲಿಯಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಹ ಗಿಡ. ಅದರ ಕುಡಿಗಳು ನೀರಿನಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಬೇರು ಬಿಡುತ್ತವೆ, ತಳಿಗಳ ನಡುವಿನ ಭೇದ ಎಲೆಯ ಬಣ್ಣದಲ್ಲಿಯೇ ಎದ್ದು ಕಾಣುತ್ತದೆ, ಎಲೆಗಳು ಪ್ರತಿ ಗೆಣ್ಣಿನಲ್ಲಿಯೂ ಎದುರುಬದುರಾಗಿ ಜೋಡಿಯಾಗಿ ಮೂಡುತ್ತವೆ. ಈ ಕೊನೆಯ ಗುಣ ಏಕೆ ಮುಖ್ಯವೆಂಬುದು ಮುಂದೆ ತಿಳಿಯುತ್ತದೆ. ಕಾಂಡದ ತುಂಡಿನಿಂದ ಬೆಳೆದ ಗಿಡಕ್ಕೂ ಅದರ ತಾಯಿಗಿಡಕ್ಕೂ ವಂಶವಾಹಿಗಳ ಸಮೂಹ ಒಂದೇ ಆಗಿರುವುದರಿಂದ, ಒಂದೇ ಜೀನೋಟೈಪಿನ ಹನ್ನೆರಡು ಗಿಡಗಳು ಖರ್ಚಿಲ್ಲದೆ ಕೈಗೆ ಬರುತ್ತವೆ. ಬೀಜದಿಂದ ಬೆಳೆದ ಗಿಡಗಳಲ್ಲಿ ಈ ಅನುಕೂಲವಿಲ್ಲ.

ಒಂದಕ್ಕೊಂದು ಸ್ಪಷ್ಟವಾಗಿ ಭಿನ್ನವಾದ ಮೂರು ತಾಯಿಗಿಡಗಳನ್ನು ಆರಿಸಿಕೊಂಡು ಅ, ಆ, ಇ ಎಂದು ಗುರುತಿಸಿ. ಕೂಡಲೇ ಕತ್ತರಿ ಹಿಡಿಯಬೇಡಿ. ನೆರಳಿನಲ್ಲಿ ಬೆಳೆದ ತಾಯಿಯಿಂದ ತೆಗೆದ ಕುಡಿ ಆ ನೆರಳಿನ ಪ್ರಭಾವವನ್ನು, ಅಂದರೆ ತೆಳುವಾದ ಎಲೆ, ಎಳೆದಂತಹ ಕಾಂಡ, ಕಡಿಮೆ ಆಹಾರಸಂಗ್ರಹವನ್ನು, ಕೆಲವು ವಾರಗಳ ಕಾಲವಾದರೂ ಜೊತೆಯಲ್ಲಿ ಒಯ್ಯುತ್ತದೆ. ಅದನ್ನು ವಂಶವಾಹಿಯ ಭೇದವೆಂದು ತಪ್ಪಾಗಿ ಎಣಿಸುವ ಅಪಾಯವಿದೆ. ಆದುದರಿಂದ ಮೂರೂ ತಾಯಿಗಿಡಗಳನ್ನು ಒಂದೇ ಜಾಗದಲ್ಲಿ, ಒಂದೇ ಮಣ್ಣಿನಲ್ಲಿ ಕನಿಷ್ಠ ಒಂದು ತಿಂಗಳು ಬೆಳೆಸಿದ ಮೇಲೆಯೇ ತುಂಡು ತೆಗೆಯಬೇಕು.

ಪ್ರತಿ ತಾಯಿಯಿಂದಲೂ ಸುಮಾರು 10 ಸೆಂಟಿಮೀಟರ್ ಉದ್ದದ, ಹೂಮೊಗ್ಗಿಲ್ಲದ ಹದಿನೈದು ಕುಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು ನೀರಿನಲ್ಲಿಡಿ. ಬೇರು ಬಂದ ನಂತರ ಗಾತ್ರದಲ್ಲಿ ಹೆಚ್ಚು ಹೊಂದಿಕೆಯಾಗುವ ಹನ್ನೆರಡನ್ನು ಉಳಿಸಿಕೊಳ್ಳಿ. ಉಳಿದ ಗಿಡಗಳಿಗಿಂತ ಬೇರೆಯೇ ಬಣ್ಣ ತೋರಿಸುವ ಕುಡಿಯಿದ್ದರೆ ಅದನ್ನು ಬಿಡುವುದು ಒಳ್ಳೆಯದು. ಕೋಲಿಯಸ್‌ನಲ್ಲಿ ಒಂದು ಕೊಂಬೆಯ ಜೀವಕೋಶಗಳು ಮಾತ್ರ ಮಾರ್ಪಟ್ಟು ಹೊಸ ಬಣ್ಣ ತಾಳುವುದು ಅಪರೂಪವಲ್ಲ. ಹಾಗಾದಾಗ ‘ಒಂದೇ ಜೀನೋಟೈಪ್’ ಎಂಬ ನಮ್ಮ ಆಧಾರವೇ ಕುಸಿಯುತ್ತದೆ.

ಕುಂಡಗಳನ್ನು ಇಡುವ ಕ್ರಮ

ಒಂದೇ ರಾಶಿಯಲ್ಲಿ ಚೆನ್ನಾಗಿ ಬೆರೆಸಿದ ಮಣ್ಣನ್ನು 48 ಕುಂಡಗಳಿಗೂ ತೂಕ ಮಾಡಿ ತುಂಬಿ. 36 ಕುಂಡಗಳಲ್ಲಿ ಗಿಡ ನೆಡಿ, 12 ಕುಂಡಗಳನ್ನು ಖಾಲಿ ಬಿಡಿ. ಈ ಖಾಲಿ ಕುಂಡಗಳು ವ್ಯರ್ಥವೆಂದು ಹಲವರು ಕೈಬಿಡುತ್ತಾರೆ, ಆದರೆ ಪ್ರಯೋಗದ ಅತ್ಯಂತ ಸ್ವಾರಸ್ಯಕರ ಭಾಗ ನಿಂತಿರುವುದೇ ಅವುಗಳ ಮೇಲೆ. ಬೆಳಗಿನ ನಾಲ್ಕು ಗಂಟೆಗಳಷ್ಟು ನೇರ ಬಿಸಿಲು ಬೀಳುವ ಜಾಗ, ಅರೆನೆರಳು ಮತ್ತು ಕಿಟಕಿಯಿಂದ ದೂರದ ಮಂದ ಬೆಳಕಿನ ಜಾಗ, ಹೀಗೆ ಮೂರು ನೆಲೆಗಳನ್ನು ಗೊತ್ತುಮಾಡಿ, ಪ್ರತಿ ನೆಲೆಗೂ ಒಂದೊಂದು ತಾಯಿಯ ನಾಲ್ಕು ಗಿಡಗಳನ್ನೂ ನಾಲ್ಕು ಖಾಲಿ ಕುಂಡಗಳನ್ನೂ ಕೊಡಿ. ಬೆಳಕನ್ನು ಮೊಬೈಲಿನ ಲಕ್ಸ್ ಮಾಪಕದಿಂದ ಅಂದಾಜು ಮಾಡಬಹುದು. ನಡುಹಗಲಿನ ಬಯಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್‌ನಷ್ಟು ಬೆಳಕಿದ್ದರೆ ಕೋಣೆಯ ಒಳಮೂಲೆಯಲ್ಲಿ ಕೆಲವು ನೂರು ಮಾತ್ರ ಇರುತ್ತದೆ. ಕಣ್ಣು ಬೆಳಕಿಗೆ ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ನಮ್ಮ ಗಮನಕ್ಕೆ ಬರುವುದಿಲ್ಲ.

ಯಾವ ಕುಡಿ ಯಾವ ನೆಲೆಗೆ, ಯಾವ ಸಾಲಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ನಾನು ಮೊದಲ ಬಾರಿ ನೋಡಲು ಅಂದವಾಗಿರಲೆಂದು ಒಂದೊಂದು ತಾಯಿಯ ಗಿಡಗಳನ್ನು ಒಂದೊಂದು ಸಾಲಿನಲ್ಲಿ ಜೋಡಿಸಿದ್ದೆ. ಗೋಡೆಯ ಪಕ್ಕದ ಸಾಲು ಸೊರಗಿದಾಗ ಅದು ಆ ತಳಿಯ ಗುಣವೋ ಗೋಡೆಯ ಕಾವೋ ಎಂದು ಹೇಳುವ ದಾರಿಯೇ ಉಳಿಯಲಿಲ್ಲ, ಎರಡು ತಿಂಗಳ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು. ಚೀಟಿ ಎತ್ತಿದ ಮೇಲೂ ಪ್ರತಿ ವಾರ ಒಂದೇ ನೆಲೆಯೊಳಗೆ ಕುಂಡಗಳ ಸ್ಥಾನವನ್ನು ಅದಲುಬದಲು ಮಾಡುತ್ತಿರಿ.

ನೀರಿನ ವಿಷಯದಲ್ಲಿ ಒಂದು ನಿರ್ಧಾರವನ್ನು ಮೊದಲೇ ಮಾಡಿಕೊಳ್ಳಬೇಕು. ಎಲ್ಲ ಕುಂಡಗಳಿಗೂ ಸಮನಾದ ನೀರು ಹಾಕಿದರೆ ಬಿಸಿಲಿನ ಕುಂಡ ಬೇಗ ಒಣಗುತ್ತದೆ, ನೆರಳಿನ ಕುಂಡ ಕೆಸರಾಗುತ್ತದೆ; ಆಗ ನಾವು ಬೆಳಕಿನ ಪರಿಣಾಮವೆಂದು ಬರೆದುಕೊಳ್ಳುವುದು ನಿಜವಾಗಿ ತೇವದ ಪರಿಣಾಮವೂ ಆಗಿರುತ್ತದೆ. ಎಲ್ಲ ಕುಂಡಗಳ ತೇವವನ್ನು ಸಮನಾಗಿಟ್ಟರೆ ಹಾಕುವ ನೀರಿನ ಪ್ರಮಾಣ ಬೇರೆ ಬೇರೆಯಾಗುತ್ತದೆ. ಎರಡನೆಯದೇ ಉತ್ತಮವೆಂದು ನನ್ನ ಅಭಿಪ್ರಾಯ. ಪೂರ್ತಿ ನೀರುಣಿಸಿ ಬಸಿದ ಕುಂಡದ ತೂಕವನ್ನು ಬರೆದಿಟ್ಟು, ಎರಡು ದಿನಕ್ಕೊಮ್ಮೆ ಕಳೆದುಹೋದ ತೂಕದಷ್ಟೇ ನೀರನ್ನು ಮರಳಿ ಹಾಕಿ. ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ನೀರು. ಹಾಕಿದ ನೀರಿನ ಲೆಕ್ಕವನ್ನೂ ಕುಂಡವಾರು ಬರೆದಿಡಿ.

ಅಳತೆ

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಎಂಟು ವಾರಗಳ ಕಾಲ ಅಳೆಯಿರಿ. ಎತ್ತರ, ಗೆಣ್ಣುಗಳ ಸಂಖ್ಯೆ, ಗೆಣ್ಣುಗಳ ನಡುವಿನ ಅಂತರ, ಎಲೆಯ ಉದ್ದ ಮತ್ತು ಅಗಲ, ಮೊದಲ ಹೂಮೊಗ್ಗು ಕಂಡ ದಿನ, ಇಷ್ಟಿದ್ದರೆ ಸಾಕು. ಬಣ್ಣಕ್ಕಾಗಿ ಬಿಳಿಯ ಕಾಗದವನ್ನು ಹಿನ್ನೆಲೆಯಾಗಿಟ್ಟು ಒಂದೇ ದೂರದಿಂದ ಚಿತ್ರ ತೆಗೆಯಿರಿ. ಅಳೆಯುವವರಿಗೆ ಯಾವ ಕುಂಡ ಯಾವ ತಾಯಿಯದು ಎಂದು ತಿಳಿಯದಂತೆ ಸಂಖ್ಯೆ ಮಾತ್ರ ಬರೆದಿರುವುದು ಲೇಸು, ಆದರೆ ಕೋಲಿಯಸ್ ತನ್ನ ಬಣ್ಣದಿಂದಲೇ ಗುಟ್ಟು ಬಿಟ್ಟುಕೊಡುವುದರಿಂದ ಇದು ಪೂರ್ತಿ ಸಾಧ್ಯವಾಗುವುದಿಲ್ಲ.

ಇನ್ನು ಎಲೆಗಳ ಜೋಡಿಯ ವಿಷಯಕ್ಕೆ ಬರೋಣ. ನಾಲ್ಕನೆಯ ಗೆಣ್ಣಿನಲ್ಲಿ ಎದುರುಬದುರಾಗಿರುವ ಎರಡು ಎಲೆಗಳ ಅಗಲವನ್ನು ಪ್ರತ್ಯೇಕವಾಗಿ ಅಳೆದು ವ್ಯತ್ಯಾಸವನ್ನು ಬರೆದುಕೊಳ್ಳಿ. ಎರಡಕ್ಕೂ ವಂಶವಾಹಿಗಳು ಒಂದೇ, ಕುಂಡ ಒಂದೇ, ಗೆಣ್ಣು ಒಂದೇ, ಹುಟ್ಟಿದ ದಿನವೂ ಹೆಚ್ಚುಕಡಿಮೆ ಒಂದೇ. ಒಂದು ಬದಿಗೆ ಬೆಳಕು ಹೆಚ್ಚು ಬೀಳದಂತೆ ಕುಂಡವನ್ನು ತಿರುಗಿಸುತ್ತಿದ್ದರೂ ಅವುಗಳ ಅಗಲ ಕರಾರುವಾಕ್ಕಾಗಿ ಸಮನಾಗಿರುವುದಿಲ್ಲ. ಜೀವಕೋಶ ಒಡೆಯುವ ಗಳಿಗೆ, ಕೋಶವೊಂದರೊಳಗೆ ಇರುವ ಕೆಲವೇ ಕೆಲವು ಅಣುಗಳ ಆಕಸ್ಮಿಕ ಹಂಚಿಕೆ ಇಂತಹವು ಇದಕ್ಕೆ ಕಾರಣ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೆರಳಚ್ಚುಗಳು ಸಹ ಒಂದೇ ಆಗಿರುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಹೀಗೆ ವಂಶವಾಹಿಗೂ ಪರಿಸರಕ್ಕೂ ಸೇರಿಸಲಾಗದ ಒಂದು ಅಂಶವನ್ನು ಅಳತೆಪಟ್ಟಿಯಿಂದಲೇ ಹಿಡಿದಂತಾಯಿತು. ಯೊಹಾನ್ಸನ್ ಅವರು ಶುದ್ಧ ತಳಿಯ ಹುರುಳಿಕಾಯಿ ಗಿಡಗಳಲ್ಲಿ ದಪ್ಪ ಬೀಜಗಳನ್ನೂ ಸಣ್ಣ ಬೀಜಗಳನ್ನೂ ಬೇರೆ ಬೇರೆಯಾಗಿ ಬಿತ್ತಿದಾಗ ಮುಂದಿನ ಪೀಳಿಗೆಯ ಬೀಜಗಳ ಸರಾಸರಿ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಳಿಯೊಳಗಿನ ಏರುಪೇರು ಕಣ್ಣಿಗೆ ಕಂಡರೂ ಪೀಳಿಗೆಗೆ ಇಳಿಯಲಿಲ್ಲ.

ನಕ್ಷೆ ಬರೆದು ಓದುವುದು

ಅಡ್ಡರೇಖೆಯ ಮೇಲೆ ಮಂದ ಬೆಳಕು, ಅರೆನೆರಳು, ಬಿಸಿಲು ಎಂಬ ಮೂರು ನೆಲೆಗಳನ್ನೂ ಲಂಬರೇಖೆಯ ಮೇಲೆ ಎತ್ತರವನ್ನೂ ಗುರುತಿಸಿ, ಪ್ರತಿ ತಾಯಿಯ ನಾಲ್ಕು ಗಿಡಗಳ ಸರಾಸರಿಯನ್ನು ಆಯಾ ನೆಲೆಯ ಮೇಲೆ ಬಿಂದುವಾಗಿಟ್ಟು, ಒಂದು ತಾಯಿಯ ಮೂರು ಬಿಂದುಗಳನ್ನು ಗೆರೆಯಿಂದ ಕೂಡಿಸಿ. ಆ ಗೆರೆಯೇ ಆ ಜೀನೋಟೈಪಿನ ಪ್ರತಿಕ್ರಿಯೆಯ ಹರವು. ನಾಲ್ಕು ಗಿಡಗಳ ಪ್ರತ್ಯೇಕ ಅಳತೆಗಳನ್ನೂ ಸಣ್ಣ ಚುಕ್ಕಿಗಳಾಗಿ ತೋರಿಸಿ. ಗೆರೆಗಳ ನಡುವಿನ ಅಂತರ ಚುಕ್ಕಿಗಳ ಚದುರುವಿಕೆಗಿಂತ ಸಣ್ಣದಾಗಿದ್ದರೆ ಆ ಅಂತರದ ಬಗ್ಗೆ ಮಾತನಾಡದಿರುವುದೇ ಸರಿ.

ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮಂದ ಬೆಳಕು, ಅರೆನೆರಳು, ಬಿಸಿಲುಗಳಲ್ಲಿ ಅ ತಾಯಿಯ ಗಿಡಗಳ ಸರಾಸರಿ ಎತ್ತರ ಕ್ರಮವಾಗಿ 34, 28, 20 ಸೆಂಟಿಮೀಟರ್. ‘ಆ’ ತಾಯಿಯವು 22, 27, 30. ಇ ತಾಯಿಯವು 27, 26, 28 ಎಂದಿರಲಿ. ಮೂರು ನೆಲೆಗಳನ್ನೂ ಸೇರಿಸಿದ ಸರಾಸರಿ ತೆಗೆದರೆ ಅ 27.3, ಆ 26.3, ಇ 27.0 ಬರುತ್ತದೆ. ತಾಯಿಗಳ ನಡುವೆ ಒಂದು ಸೆಂಟಿಮೀಟರಿನ ಭೇದ ಮಾತ್ರ, ಆದ್ದರಿಂದ ವಂಶವಾಹಿಗೆ ಮಹತ್ವವಿಲ್ಲ ಎಂದು ಒಬ್ಬರು ಬರೆದಾರು. ನೆಲೆಗಳ ಸರಾಸರಿ ತೆಗೆದರೆ ಮಂದ ಬೆಳಕಿಗೆ 27.7, ಅರೆನೆರಳಿಗೆ 27.0, ಬಿಸಿಲಿಗೆ 26.0, ಹಾಗಾದರೆ ಪರಿಸರಕ್ಕೂ ಅಂತಹ ಮಹತ್ವವಿಲ್ಲ ಎಂದು ಇನ್ನೊಬ್ಬರು ಬರೆದಾರು. ಆದರೆ ನಕ್ಷೆಯನ್ನು ಕಣ್ಣಿಂದ ನೋಡಿದವರಿಗೆ ಮಂದ ಬೆಳಕಿನಲ್ಲಿ ಅ ಮತ್ತು ಆ ನಡುವೆ 12 ಸೆಂಟಿಮೀಟರ್ ಅಂತರವಿರುವುದೂ, ಬಿಸಿಲಿನಲ್ಲಿ ಅದು ತಿರುವುಮುರುವಾಗಿ 10 ಸೆಂಟಿಮೀಟರ್ ಆಗಿರುವುದೂ ಕಾಣುತ್ತದೆ. ಎರಡೂ ‘ಪಾಲು’ಗಳು ಸೊನ್ನೆಯ ಹತ್ತಿರವಿದ್ದರೂ ಗಿಡಗಳ ಎತ್ತರದಲ್ಲಿ ಭಾರೀ ಭೇದವಿದೆ, ಮತ್ತು ಆ ಭೇದವೆಲ್ಲ ಯಾವ ಜೀನೋಟೈಪ್ ಯಾವ ನೆಲೆಯಲ್ಲಿ ಬೆಳೆಯಿತು ಎಂಬ ಜೋಡಣೆಯಲ್ಲಿದೆ.

ಇದೇ ಅಂಕಿಗಳಿಂದ ಇನ್ನೂ ಒಂದು ಪರೀಕ್ಷೆ ಮಾಡಿ. ಬಿಸಿಲಿನ ಕುಂಡಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಗಿಡ ಗಿಡದ ಆಕಸ್ಮಿಕ ಏರುಪೇರನ್ನು ಬಿಟ್ಟು, ಭೇದವೆಲ್ಲ ವಂಶವಾಹಿಯದೇ ಆಗುತ್ತದೆ. ಅ ತಾಯಿಯ ಗಿಡಗಳನ್ನು ಮಾತ್ರ ತೆಗೆದುಕೊಂಡರೆ ಭೇದವೆಲ್ಲ ಪರಿಸರದ್ದು. ಗಿಡಗಳು ಬದಲಾಗಲಿಲ್ಲ, ಅವುಗಳ ಒಳಗಿನ ಯಾವ ಕ್ರಿಯೆಯೂ ಬದಲಾಗಲಿಲ್ಲ. ನಾವು ಯಾವ ಕುಂಡಗಳನ್ನು ಆರಿಸಿದೆವು ಎಂಬುದಷ್ಟೇ ಬದಲಾಯಿತು. ಹೆರಿಟಬಿಲಿಟಿ ಎಂದು ಸಂಶೋಧಕರು ಕೊಡುವ ಅಂಕಿಯೂ ಇಂತಹದ್ದೇ: ನಿರ್ದಿಷ್ಟ ಸಮುದಾಯದಲ್ಲಿ, ನಿರ್ದಿಷ್ಟ ಸನ್ನಿವೇಶಗಳ ನಡುವೆ ಕಂಡ ಭೇದದ ಲೆಕ್ಕ. ಅದನ್ನು ಓದುವಾಗಲೆಲ್ಲ ಆ ಲೆಕ್ಕ ಯಾವ ಕುಂಡಗಳದು ಎಂದು ವಿಚಾರಿಸಬೇಕು. ಆ ಅಂಕಿ ದೊಡ್ಡದಾದ ಮಾತ್ರಕ್ಕೆ ಲಕ್ಷಣವನ್ನು ಬದಲಿಸಲಾಗದು ಎಂಬ ಅರ್ಥವೂ ಬರುವುದಿಲ್ಲ. ಫೀನೈಲ್‌ಕೀಟೋನ್ಯೂರಿಯಾ ಎಂಬ ಅನುವಂಶಿಕ ಕಾಯಿಲೆಯಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಪರಿವರ್ತಿಸುವ ಕಿಣ್ವ ಕೆಲಸ ಮಾಡುವುದಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ ಆಹಾರದಲ್ಲಿ ಅದನ್ನು ಕಡಿಮೆ ಮಾಡಿದರೆ, ವಂಶವಾಹಿ ಹಾಗೆಯೇ ಇದ್ದರೂ, ಮಗುವಿನ ಮೆದುಳಿಗೆ ಆಗಬಹುದಾದ ತೀವ್ರ ಹಾನಿ ತಪ್ಪುತ್ತದೆ.

ಗಿಡ ತನ್ನ ಸುತ್ತಲನ್ನು ಬದಲಿಸುವುದನ್ನು ಅಳೆಯುವುದು

ಇಲ್ಲಿಯವರೆಗೆ ನೆಲೆಗಳನ್ನು ನಾವು ಕೊಟ್ಟೆವು, ಗಿಡಗಳು ಪಡೆದುಕೊಂಡವು ಎಂಬಂತೆ ಬರೆದಿದ್ದೇನೆ. ಬಹುತೇಕ ಪಾಠಗಳು ಇಲ್ಲಿಗೇ ನಿಲ್ಲುತ್ತವೆ. ಖಾಲಿ ಕುಂಡಗಳನ್ನು ಈಗ ಮುಂದಕ್ಕೆ ತನ್ನಿ.

ಎಂಟನೆಯ ವಾರದಲ್ಲಿ ಎಲ್ಲ ಕುಂಡಗಳಿಗೂ ಪೂರ್ತಿ ನೀರುಣಿಸಿ, ಬಸಿಯಲು ಬಿಟ್ಟು, ಕುಂಡವನ್ನೂ ಮಣ್ಣಿನ ಮೇಲ್ಮೈಯನ್ನೂ ಪ್ಲಾಸ್ಟಿಕ್ ಹಾಳೆಯಿಂದ ಕಾಂಡದ ಸುತ್ತ ಬಿಗಿಯಾಗಿ ಮುಚ್ಚಿ ತೂಗಿ; 24 ಗಂಟೆಗಳ ನಂತರ ಮತ್ತೆ ತೂಗಿ. ಮುಚ್ಚಿದ ಖಾಲಿ ಕುಂಡದ ತೂಕ ಹೆಚ್ಚೇನೂ ಇಳಿಯುವುದಿಲ್ಲ. ಗಿಡವಿರುವ ಕುಂಡ ಕಳೆದುಕೊಂಡ ತೂಕವೆಲ್ಲ ಪ್ರಾಯಶಃ ಎಲೆಗಳ ಪತ್ರರಂಧ್ರಗಳ ಮೂಲಕ ಹೊರಬಿದ್ದ ನೀರು, ಅಂದರೆ ಬಾಷ್ಪವಿಸರ್ಜನೆ. ಮೂರು ತಾಯಿಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಒಂದೇ ನೆಲೆಯಲ್ಲಿ ಇಟ್ಟ ಕುಂಡಗಳ ಮಣ್ಣು ಒಂದೇ ವೇಗದಲ್ಲಿ ಒಣಗುತ್ತಿರಲಿಲ್ಲವೆಂಬುದು ತಿಳಿಯುತ್ತದೆ. ಎರಡು ದಿನಕ್ಕೊಮ್ಮೆ ಹಾಕಿದ ನೀರಿನ ಪಟ್ಟಿಯಲ್ಲಿಯೂ ಇದೇ ಸಂಗತಿ ಮೊದಲಿನಿಂದ ಅಡಗಿತ್ತು. ನಾವು ‘ಸಮಾನ ಪರಿಸರ’ ಎಂದು ಕರೆದದ್ದನ್ನು ಪ್ರತಿ ತಾಯಿಯ ಗಿಡವೂ ತನ್ನ ಎಲೆಯ ಹರವಿಗೆ ತಕ್ಕಂತೆ ಬೇರೆಯದಾಗಿ ಮಾಡಿಕೊಂಡಿತ್ತು. ಎಲೆಯ ಹರವೋ, ಆ ಗಿಡದ ವಂಶವಾಹಿಗಳೂ ಅದು ಕಂಡ ಬೆಳಕೂ ಕೂಡಿ ಆದದ್ದು. ಮೇಲಿನ ಎಲೆಗಳ ಕೆಳಗೆ ಲಕ್ಸ್ ಮಾಪಕ ಹಿಡಿದರೆ, ಕೆಳಗಿನ ಎಲೆಗಳು ಬದುಕುತ್ತಿರುವುದು ಆ ಗಿಡವೇ ಸೃಷ್ಟಿಸಿದ ನೆರಳಿನಲ್ಲಿ ಎಂಬುದೂ ಕಾಣುತ್ತದೆ.

ಒಳಗೆ ಮತ್ತು ಹೊರಗೆ ಎಂಬ ಗಡಿ ನಾವಂದುಕೊಂಡಷ್ಟು ಗಟ್ಟಿಯಲ್ಲ. ಹಿಮಾಲಯನ್ ಎಂಬ ಮೊಲದ ತಳಿಯಲ್ಲಿ ಕಪ್ಪು ಬಣ್ಣ ತಯಾರಿಸುವ ಕಿಣ್ವ ತಂಪಿನಲ್ಲಿ ಕೆಲಸ ಮಾಡುತ್ತದೆ, ದೇಹದ ಬೆಚ್ಚನೆಯ ಭಾಗಗಳಲ್ಲಿ ಕೆಲಸ ಮಾಡುವುದಿಲ್ಲ. ಆದುದರಿಂದ ಕಿವಿ, ಮೂಗು, ಪಾದಗಳು ಕಪ್ಪಾಗಿ ಉಳಿದ ಮೈ ಬಿಳಿಯಾಗಿರುತ್ತದೆ. ಬೆನ್ನಿನ ಕೂದಲು ಬೋಳಿಸಿ ಆ ಜಾಗವನ್ನು ತಣ್ಣಗಿಟ್ಟರೆ ಅಲ್ಲಿ ಕಪ್ಪು ಕೂದಲು ಬೆಳೆಯುತ್ತದೆ. ಆ ಕಿಣ್ವಕ್ಕೆ ಪರಿಸರವೆಂದರೆ ಮೊಲ ತಾನೇ ಉತ್ಪಾದಿಸಿದ ಕಾವು.

ಕಾಲದ ಹರವನ್ನು ಹಿಗ್ಗಿಸಿದರೆ ಇದೇ ವ್ಯವಹಾರ ವಿಕಾಸದಲ್ಲಿಯೂ ನಡೆದಿದೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯನೋಬ್ಯಾಕ್ಟೀರಿಯಾ ಎಂಬ, ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳು ಹೊರಬಿಟ್ಟ ಆಮ್ಲಜನಕ ವಾತಾವರಣದಲ್ಲಿ ಸೇರಿಕೊಳ್ಳತೊಡಗಿ, ಆಮೇಲೆ ಬಂದ ಜೀವಿಗಳಿಗೆಲ್ಲ ಹೊಸ ನಿಯಮವನ್ನು ವಿಧಿಸಿತು. ಹೈನುಗಾರಿಕೆಯನ್ನು ರೂಢಿಸಿಕೊಂಡ ಹಲವು ಜನಸಮುದಾಯಗಳಲ್ಲಿ, ವಯಸ್ಕರಾದ ಮೇಲೂ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವನ್ನು ಉಳಿಸುವ ವಂಶವಾಹಿ ರೂಪಗಳು ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಹೆಚ್ಚಾದವು. ಜೀವಿ ತಾನು ಕಟ್ಟಿಕೊಂಡ ಪರಿಸರವೇ ಅದರ ವಂಶವಾಹಿಗಳನ್ನು ಆರಿಸಿದ ಪ್ರಸಂಗವಿದು.

ಎರಡನೆಯ ಸುತ್ತು

ಅರೆನೆರಳಿನಲ್ಲಿದ್ದ ಹದಿನಾರು ಕುಂಡಗಳನ್ನು, ಅಂದರೆ ಪ್ರತಿ ತಾಯಿಯ ನಾಲ್ಕನ್ನೂ ಖಾಲಿ ನಾಲ್ಕನ್ನೂ, ಎರಡನೆಯ ಸುತ್ತಿಗೆ ಬಳಸಿಕೊಳ್ಳಿ. ತೂಕದ ಪರೀಕ್ಷೆ ಮುಗಿದ ಮೇಲೆ ಗಿಡಗಳನ್ನು ಬುಡಕ್ಕೆ ಕತ್ತರಿಸಿ, ದಪ್ಪ ಬೇರುಗಳನ್ನು ತೆಗೆದು, ಒಂದು ಕುಂಡದ ಮಣ್ಣನ್ನು ಇನ್ನೊಂದಕ್ಕೆ ಬೆರೆಸದೆ, ಹದಿನಾರಕ್ಕೂ ಇ ತಾಯಿಯಿಂದ ಹೊಸದಾಗಿ ಬೇರು ಬರಿಸಿದ ಕುಡಿಗಳನ್ನೇ ನೆಡಿ. ಈ ಸುತ್ತಿನಲ್ಲಿ ಜೀನೋಟೈಪ್ ಒಂದೇ, ಬೆಳಕು ಒಂದೇ. ಮಣ್ಣಿನಲ್ಲಿ ಹಿಂದೆ ಯಾರಿದ್ದರು ಎಂಬುದು ಮಾತ್ರ ಬೇರೆ. ಖಾಲಿ ಕುಂಡದ ಮಣ್ಣು ಕೂಡ ಅಷ್ಟೇ ದಿನ ನೀರುಂಡು ಹಳೆಯದಾಗಿರುವುದರಿಂದ ಹೋಲಿಕೆಗೆ ಅದೇ ಯೋಗ್ಯ. ಹೊಸ ಮಣ್ಣನ್ನು ಬಳಸಬಾರದು.

ಬೆಳವಣಿಗೆಯಲ್ಲಿ ಅಂತರ ಕಂಡರೆ ಅದು ಹಿಂದಿನ ಗಿಡ ಪೋಷಕಾಂಶಗಳನ್ನು ಹೀರಿದ್ದರಿಂದಲೂ ಆಗಿರಬಹುದು, ಅದರ ಬೇರಿನ ಸುತ್ತ ನೆಲೆಸಿದ ಸೂಕ್ಷ್ಮಜೀವಿಗಳಿಂದಲೂ ಆಗಿರಬಹುದು. ಬೇರ್ಪಡಿಸಲು ಪ್ರತಿ ನಾಲ್ಕರಲ್ಲಿ ಎರಡು ಕುಂಡಗಳಿಗೆ ಸಮತೋಲಿತ ದ್ರವಗೊಬ್ಬರವನ್ನು ತೆಳುವಾಗಿ ಕೊಡಿ. ಗೊಬ್ಬರ ಕೊಟ್ಟ ಕುಂಡಗಳಲ್ಲಿ ಅಂತರ ಅಳಿಸಿಹೋದರೆ ಪೋಷಕಾಂಶದ ಕಡೆಗೆ, ಉಳಿದುಕೊಂಡರೆ ಬೇರೆ ಕಾರಣದ ಕಡೆಗೆ ಕೈತೋರಿಸಿದಂತಾಗುತ್ತದೆ. ಎರಡೆರಡು ಕುಂಡಗಳಿಂದ ಅದಕ್ಕಿಂತ ದೃಢವಾದ ಮಾತು ಹೊರಡದು. ಆರು ವಾರಗಳ ನಂತರ ಎತ್ತರ ಅಳೆದು, ಗಿಡಗಳನ್ನು ಬೇರುಸಹಿತ ತೊಳೆದು, ತೇವ ಒರೆಸಿ, ಬೇರು ಮತ್ತು ಕಾಂಡವನ್ನು ಪ್ರತ್ಯೇಕವಾಗಿ ತೂಗಿ. ಇವುಗಳಿಗೆ ಹೊಸ ನಕ್ಷೆ ಬರೆಯುವಾಗ ಅಡ್ಡರೇಖೆಯ ಮೇಲೆ ಬೆಳಕಿನ ಹೆಸರುಗಳಿಗೆ ಬದಲಾಗಿ ಹಿಂದಿನ ಸುತ್ತಿನ ತಾಯಿಗಿಡಗಳ ಹೆಸರುಗಳನ್ನು ಬರೆಯಿರಿ: ಖಾಲಿ, ಅ, ಆ, ಇ.